ಕೊಡಗಿನಿಂದ ವಿಮಾನ ಪ್ರಯಾಣ: ಆಕಾಶದಲ್ಲಿ ಎಷ್ಟು ದೂರ, ಮನೆಯಿಂದ ಹೊರಡುವುದು ಎಷ್ಟೊತ್ತಿಗೆ?

'ಮಡಿಕೇರಿಯಿಂದ ದೆಹಲಿಗೆ ವಿಮಾನದಲ್ಲಿ ಎಷ್ಟು ದೂರ?' ಅಂತ ಇಂಟರ್ನೆಟ್‌ನಲ್ಲಿ ಹುಡುಕಿದರೆ ಉತ್ತರ ಥಟ್ಟನೆ ಬರುತ್ತದೆ. ಸುಮಾರು 1800 ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮಡಿಕೇರಿಯಲ್ಲಿ ವಿಮಾನ ಹತ್ತುವುದು ಎಲ್ಲಿ, ರಾಜಾಸೀಟಿನಲ್ಲಾ? ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ. ರೈಲೂ ಇಲ್ಲ. ಎಲ್ಲಿಗೆ ಹಾರಬೇಕಾದರೂ ಮೊದಲು ಘಾಟಿ ಇಳಿಯಬೇಕು, ಇಲ್ಲವೇ ಮೈಸೂರು ದಾಟಬೇಕು. ಆ ಎರಡೂಮುಕ್ಕಾಲು ಗಂಟೆ ನಂಬಿಕೊಂಡು 'ಬೆಳಗ್ಗೆ ಹೊರಟು ಮಧ್ಯಾಹ್ನದ ಊಟಕ್ಕೆ ದೆಹಲಿ' ಅಂತ ಯಾರಿಗಾದರೂ ಮಾತು ಕೊಟ್ಟರೆ, ಅವರು ರಾತ್ರಿ ಊಟವನ್ನೂ ಕಾಯಿಸಿಡಬೇಕಾಗುತ್ತದೆ.

ನನ್ನ ಪ್ರಕಾರ ವಿಮಾನ ಹಾರುವ ಹೊತ್ತು ಇಡೀ ಪ್ರಯಾಣದಲ್ಲಿ ಅತ್ಯಂತ ನಂಬಿಕಸ್ತ ಭಾಗ. ಅದು ಹೆಚ್ಚೆಂದರೆ ಅರ್ಧ ಗಂಟೆ ಆಚೀಚೆ ಆಗಬಹುದು. ಎಡವಟ್ಟಾಗುವುದು ನೆಲದ ಮೇಲೆ. ಹಾಗಾಗಿ ಲೆಕ್ಕವನ್ನು ಎರಡು ತುಂಡು ಮಾಡಿ: ನಿಲ್ದಾಣದಿಂದ ನಿಲ್ದಾಣಕ್ಕೆ ಒಂದು, ಮನೆಯ ಗೇಟಿನಿಂದ ನಿಲ್ದಾಣಕ್ಕೆ ಇನ್ನೊಂದು. ಎರಡನ್ನೂ ಮನೆಯಲ್ಲೇ ಕೂತು ಕಾಗದದ ಮೇಲೆ ಹಾಕಬಹುದು.

ಹಂತ 1: ಯಾವ ನಿಲ್ದಾಣ ಅಂತ ಮೊದಲು ತೀರ್ಮಾನಿಸಿ

ನಮಗೆ ಎಟಕುವ ನಿಲ್ದಾಣಗಳು ನಾಲ್ಕು: ಕಣ್ಣೂರು, ಮಂಗಳೂರು, ಮೈಸೂರು, ಬೆಂಗಳೂರು. ಕುಟ್ಟ ಕಡೆಯ ಕೆಲವರು ಮಾನಂದವಾಡಿ ಮೇಲೆ ಕೋಳಿಕ್ಕೋಡ್‌ಗೂ ಹೋಗುವುದುಂಟು. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಕಣ್ಣೂರು ನಿಲ್ದಾಣ ಶುರುವಾದದ್ದು 2018ರ ಡಿಸೆಂಬರ್ 9ರಂದು. ಹೆಸರು ಕಣ್ಣೂರಾದರೂ ಅದಿರುವುದು ಮಟ್ಟನ್ನೂರಿನಲ್ಲಿ, ಪಟ್ಟಣಕ್ಕಿಂತ ಎಷ್ಟೋ ಈಚೆಗೆ, ನಮ್ಮ ಕಡೆಗೆ. ಅಂದರೆ ಕಣ್ಣೂರು ಪೇಟೆಯ ಟ್ರಾಫಿಕ್ಕಿಗೂ ನಮಗೂ ಸಂಬಂಧವಿಲ್ಲ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ, ಮಟ್ಟನ್ನೂರು. ಒಟ್ಟು ಸುಮಾರು 60 ಕಿಲೋಮೀಟರ್. ಮಡಿಕೇರಿಯಿಂದ ಸುಮಾರು 90. ರನ್‌ವೇ 3050 ಮೀಟರ್ ಇರುವುದರಿಂದ ದೊಡ್ಡ ವಿಮಾನಕ್ಕೂ ತೊಂದರೆಯಿಲ್ಲ. ಗಲ್ಫ್‌ಗೆ ಹೋಗುವವರಿಗಂತೂ ಇದು ವರ. ಒಂದೇ ಕೊರತೆ ಅಂದರೆ, ಇಲ್ಲಿಂದ ಹಾರುವುದು ಬಹುಮಟ್ಟಿಗೆ ಭಾರತದ ಕಂಪನಿಗಳ ವಿಮಾನಗಳು. ಆಯ್ಕೆ ಕಡಿಮೆ. ಒಂದು ವಿಮಾನ ರದ್ದಾದರೆ ಅದೇ ದಿನ ಇನ್ನೊಂದು ಸಿಗುತ್ತದೆ ಅನ್ನುವ ಧೈರ್ಯ ಇಟ್ಟುಕೊಳ್ಳುವ ಹಾಗಿಲ್ಲ.

ಮಂಗಳೂರು ನಿಲ್ದಾಣ ಮಡಿಕೇರಿಯಿಂದ ಸುಮಾರು 140 ಕಿಲೋಮೀಟರ್. ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್ ಮೇಲೆ ಹೋಗಬೇಕು. ನಾಲ್ಕು ಗಂಟೆ ಇಟ್ಟುಕೊಳ್ಳಿ. ಮುಂಬೈಗೆ ಹೋಗುವವರಿಗೆ ಅನುಕೂಲ, ಗಲ್ಫ್‌ಗೂ ವಿಮಾನಗಳಿವೆ.

ಮೈಸೂರಿನ ಮಂಡಕಳ್ಳಿ ನಿಲ್ದಾಣ ಕುಶಾಲನಗರದವರಿಗೆ ಎಲ್ಲಕ್ಕಿಂತ ಆರಾಮ. ಆದರೆ ಅಲ್ಲಿನ ರನ್‌ವೇ 1740 ಮೀಟರ್ ಮಾತ್ರ. ಹಾಗಾಗಿ ಬರುವುದು ಎಟಿಆರ್ ಥರದ ಸಣ್ಣ ವಿಮಾನಗಳು, ಅವೂ ಕೆಲವೇ ಊರಿಗೆ. ವೇಳಾಪಟ್ಟಿ ಆಗಾಗ ಬದಲಾಗುತ್ತದೆ. 'ಹೋದ ವರ್ಷ ಇತ್ತಲ್ಲ' ಅಂದುಕೊಂಡು ಯೋಜನೆ ಹಾಕಬೇಡಿ.

ಇನ್ನು ಬೆಂಗಳೂರು. ಎಲ್ಲಿಗೆ ಬೇಕಾದರೂ ವಿಮಾನ ಉಂಟು, ಟಿಕೆಟ್ ದರವೂ ಹಲವು ಸಲ ಕಡಿಮೆ. ಆದರೆ ನಾವು ಬೆಂಗಳೂರು ಸೇರುವುದು ನೈರುತ್ಯದ ಕೆಂಗೇರಿ ಮೂಲೆಯಿಂದ, ನಿಲ್ದಾಣ ಇರುವುದು ಉತ್ತರದ ದೇವನಹಳ್ಳಿಯಲ್ಲಿ. ಇಡೀ ಊರನ್ನು ಕರ್ಣರೇಖೆಯಲ್ಲಿ ಸೀಳಿಕೊಂಡು ಹೋಗಬೇಕು. ಮಡಿಕೇರಿಯಿಂದ ಸುಮಾರು 290 ಕಿಲೋಮೀಟರ್. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ನಡುವಿನ ದಾರಿ ಬೇಗ ಸಾಗುತ್ತದೆ, ನಿಜ. ಮೈಸೂರಿನೊಳಗೆ ನುಗ್ಗದೆ ಇಲವಾಲದ ಬಳಿ ಎಡಕ್ಕೆ ತಿರುಗಿ ಕೆಆರ್‌ಎಸ್ ಕಡೆಯಿಂದ ಶ್ರೀರಂಗಪಟ್ಟಣ ಸೇರಿದರೆ ಇನ್ನಷ್ಟು ಹೊತ್ತು ಉಳಿಯುತ್ತದೆ. ಆದರೆ ಅಲ್ಲೆಲ್ಲ ಉಳಿಸಿದ್ದನ್ನು ಕೆಂಗೇರಿಯಿಂದ ಹೆಬ್ಬಾಳದವರೆಗೆ ಕಳೆದುಕೊಳ್ಳುತ್ತೀರಿ. ಕಾರಿನಲ್ಲಿ ಆರೂವರೆ ಗಂಟೆ ಅಂದುಕೊಳ್ಳಿ. ಸಂಜೆ ಬೆಂಗಳೂರು ಮುಟ್ಟುವ ಹಾಗಿದ್ದರೆ ಏಳೂವರೆ.

ಹಾಗಾದರೆ ಯಾರಿಗೆ ಯಾವುದು? ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆಯವರು ಮೊದಲು ಕಣ್ಣೂರು ನೋಡಿ, ಅಲ್ಲಿ ಆಗದಿದ್ದರೆ ಮಾತ್ರ ಬೆಂಗಳೂರು. ಮಡಿಕೇರಿ, ನಾಪೋಕ್ಲು ಕಡೆಯವರು ಕಣ್ಣೂರು, ಮಂಗಳೂರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕುಶಾಲನಗರದವರಿಗೆ ಬೆಂಗಳೂರೇ ಸೈ. ಶನಿವಾರಸಂತೆ, ಸೋಮವಾರಪೇಟೆ ಕಡೆಯವರಿಗೆ ಒಂದು ಮಾತು: ನೀವು ಮೈಸೂರಿಗೆ ಇಳಿಯುವುದೇ ಬೇಡ. ಹಾಸನದ ಮೇಲೆ ಹೋಗಿ, ನೆಲಮಂಗಲದಲ್ಲಿ ದೊಡ್ಡಬಳ್ಳಾಪುರದ ಕಡೆ ತಿರುಗಿದರೆ ಬೆಂಗಳೂರು ಊರೊಳಗೆ ಕಾಲಿಡದೆ ದೇವನಹಳ್ಳಿ ಸೇರಬಹುದು.

ಹಂತ 2: ಆಕಾಶದ ದೂರ ಅಳೆಯಿರಿ

ಸುಲಭದ ದಾರಿ ಫೋನ್. ಗೂಗಲ್ ಮ್ಯಾಪ್ಸ್ ತೆರೆದು ಹೊರಡುವ ನಿಲ್ದಾಣದ ರನ್‌ವೇ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಒಂದು ಪಿನ್ ಬೀಳುತ್ತದೆ. ಕೆಳಗೆ ಬರುವ ಆಯ್ಕೆಗಳಲ್ಲಿ ದೂರ ಅಳೆಯುವುದನ್ನು ಆರಿಸಿ, ನಕ್ಷೆಯನ್ನು ಸರಿಸಿ ಇನ್ನೊಂದು ನಿಲ್ದಾಣದ ಮೇಲೆ ತಂದರೆ ಕಿಲೋಮೀಟರ್ ಕಾಣುತ್ತದೆ. ಅಷ್ಟೇ ಕೆಲಸ.

ಕೈಯಲ್ಲೇ ಲೆಕ್ಕ ಹಾಕುವ ದಾರಿಯೂ ಇದೆ. ಮಕ್ಕಳಿಗೆ ಭೂಗೋಳ ಹೇಳಿಕೊಡುವವರಿಗೆ ಇದು ಒಳ್ಳೆಯ ಆಟ. ಒಂದು ಡಿಗ್ರಿ ಅಕ್ಷಾಂಶ ಎಲ್ಲಿ ಅಳೆದರೂ ಸುಮಾರು 111 ಕಿಲೋಮೀಟರ್. ರೇಖಾಂಶ ಹಾಗಲ್ಲ. ಸಮಭಾಜಕದಲ್ಲಿ 111 ಇರುವುದು ಉತ್ತರಕ್ಕೆ ಹೋದ ಹಾಗೆ ಕಿರಿದಾಗುತ್ತದೆ, ಧ್ರುವದಲ್ಲಿ ಸೊನ್ನೆ. ನಮ್ಮ ಕೊಡಗಿನ ಅಕ್ಷಾಂಶದಲ್ಲಿ, ಅಂದರೆ 12 ಡಿಗ್ರಿಯ ಹತ್ತಿರ, ಅದು ಸುಮಾರು 108.5 ಕಿಲೋಮೀಟರ್. 20 ಡಿಗ್ರಿಯಲ್ಲಿ 104. ದೆಹಲಿಯ ಹತ್ತಿರ 98ಕ್ಕೆ ಇಳಿಯುತ್ತದೆ. ಇದನ್ನು ಪಡೆಯಲು 111ನ್ನು ಆ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಫೋನಿನ ಕ್ಯಾಲ್ಕುಲೇಟರ್ ಅಡ್ಡ ಹಿಡಿದರೆ ಆ ಬಟನ್ ಕಾಣುತ್ತದೆ.

ಕಣ್ಣೂರಿನಿಂದ ದುಬೈಗೆ ಹಾಕಿ ನೋಡೋಣ. ಕಣ್ಣೂರು ನಿಲ್ದಾಣ 11.92 ಉತ್ತರ, 75.55 ಪೂರ್ವ. ದುಬೈ 25.25 ಉತ್ತರ, 55.36 ಪೂರ್ವ.

ಅಕ್ಷಾಂಶದ ವ್ಯತ್ಯಾಸ 13.33. ಇದನ್ನು 111ರಿಂದ ಗುಣಿಸಿದರೆ ಸುಮಾರು 1480 ಕಿಲೋಮೀಟರ್. ಉತ್ತರಕ್ಕೆ ಅಷ್ಟು ಹೋಗಬೇಕು.

ರೇಖಾಂಶದ ವ್ಯತ್ಯಾಸ 20.19. ಎರಡು ಊರಿನ ನಡುವಿನ ಅಕ್ಷಾಂಶ 18.6ರ ಹತ್ತಿರ. ಅಲ್ಲಿ ಒಂದು ಡಿಗ್ರಿಗೆ 105 ಕಿಲೋಮೀಟರ್. ಗುಣಿಸಿದರೆ 2120. ಪಶ್ಚಿಮಕ್ಕೆ ಅಷ್ಟು.

ಇನ್ನು ಶಾಲೆಯ ಪೈಥಾಗೊರಸ್. ಎರಡರ ವರ್ಗ ಕೂಡಿ, ವರ್ಗಮೂಲ ತೆಗೆಯಿರಿ. ಬರುವುದು ಸುಮಾರು 2585. ಭೂಮಿ ಗುಂಡಗಿದೆ ಅನ್ನುವುದನ್ನು ಪೂರ್ತಿ ಲೆಕ್ಕಕ್ಕೆ ತಗೊಂಡು ಕಂಪ್ಯೂಟರ್‌ನಲ್ಲಿ ಹಾಕಿದರೂ ಇದರ ಆಸುಪಾಸೇ ಬರುತ್ತದೆ, ಕೆಲವೇ ಕಿಲೋಮೀಟರ್ ಹೆಚ್ಚುಕಡಿಮೆ. ಮಂಗಳೂರಿನಿಂದ ದುಬೈ ಇನ್ನೂ ಸ್ವಲ್ಪ ಹತ್ತಿರ, ಸುಮಾರು 2460. ಬೆಂಗಳೂರಿನಿಂದ ಸುಮಾರು 2700.

ಈ ಮೂರು ಸಂಖ್ಯೆಗಳನ್ನು ಒಮ್ಮೆ ಸರಿಯಾಗಿ ನೋಡಿ. ಅತ್ಯಂತ ಹತ್ತಿರದ್ದಕ್ಕೂ ಅತ್ಯಂತ ದೂರದ್ದಕ್ಕೂ ಇರುವ ವ್ಯತ್ಯಾಸ 240 ಕಿಲೋಮೀಟರ್. ವಿಮಾನಕ್ಕೆ ಅದು ಇಪ್ಪತ್ತು ನಿಮಿಷವೂ ಅಲ್ಲ. ಆದರೆ ರಸ್ತೆಯಲ್ಲಿ ಕಣ್ಣೂರಿಗೂ ಬೆಂಗಳೂರಿಗೂ ಇರುವ 200 ಕಿಲೋಮೀಟರ್ ವ್ಯತ್ಯಾಸ ನಿಮ್ಮ ಅರ್ಧ ದಿನ ತಿನ್ನುತ್ತದೆ. ನಿಲ್ದಾಣ ಆರಿಸುವಾಗ ಆಕಾಶದ ದೂರ ನೋಡಬೇಡಿ, ರಸ್ತೆ ನೋಡಿ ಅನ್ನುವುದು ಇದಕ್ಕೇ.

ಈ ಕೈಲೆಕ್ಕ ಭಾರತದೊಳಗೆ, ಗಲ್ಫ್‌ಗೆ, ಸಿಂಗಪುರಕ್ಕೆ ಸಾಕು. ಅಮೆರಿಕಕ್ಕೆ ಹಾಕಬೇಡಿ, ಪೂರಾ ಹಾದಿ ತಪ್ಪುತ್ತದೆ. ಗೋಡೆಗೆ ತೂಗುಹಾಕುವ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ಗುಂಡಗಿನ ಭೂಮಿಯ ಮೇಲೆ ನೇರ ಅಲ್ಲ. ಮನೆಯಲ್ಲಿ ಗ್ಲೋಬ್ ಇದ್ದರೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಒಂದು ದಾರ ಎಳೆದು ಬಿಗಿಯಾಗಿ ಹಿಡಿಯಿರಿ. ದಾರ ಪೆಸಿಫಿಕ್ ಸಾಗರದ ಮೇಲೆ ನಿಲ್ಲದೆ ಜಾರಿ ಉತ್ತರ ಧ್ರುವದ ಹತ್ತಿರಕ್ಕೆ ಹೋಗಿ ಕೂರುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದದ್ದು ಹೀಗೇ, ಧ್ರುವದ ಮೇಲಿಂದ. ಮಹಿಳೆಯರೇ ಇದ್ದ ಪೈಲಟ್ ತಂಡ ಸುಮಾರು 14,000 ಕಿಲೋಮೀಟರ್ ಹಾರಿಸಿಕೊಂಡು ಬಂತು.

ಹಂತ 3: ದೂರವನ್ನು ಗಂಟೆಗೆ ತಿರುಗಿಸಿ

ಏರ್‌ಬಸ್ 320, ಬೋಯಿಂಗ್ 737 ಥರದ ವಿಮಾನ ಮೇಲೇರಿದ ಮೇಲೆ ಗಂಟೆಗೆ 830ರಿಂದ 850 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಪೈಲಟ್ 'ನಾಟ್' ಲೆಕ್ಕದಲ್ಲಿ ಹೇಳಿದರೆ 1.85ರಿಂದ ಗುಣಿಸಿ. 450 ನಾಟ್ ಅಂದರೆ 833 ಕಿಲೋಮೀಟರ್. ಆದರೆ ಹತ್ತುವಾಗ, ಇಳಿಯುವಾಗ ಈ ವೇಗ ಇರುವುದಿಲ್ಲ. ರನ್‌ವೇ ತನಕ ತೆವಳಿಕೊಂಡು ಹೋಗಬೇಕು, ಸರದಿ ಕಾಯಬೇಕು. ಟಿಕೆಟ್‌ನಲ್ಲಿ ಬರೆದಿರುವ ಹೊತ್ತಿನಲ್ಲಿ ಇದೂ ಸೇರಿರುತ್ತದೆ. ವಿಮಾನ ಗೇಟಿನಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನ ಗೇಟಿನಲ್ಲಿ ನಿಲ್ಲುವ ತನಕ.

ಹಾಗಾಗಿ ನಾನು ಬಳಸುವ ಸೂತ್ರ ಇದು: ದೂರವನ್ನು 800ರಿಂದ ಭಾಗಿಸಿ, ಬಂದ ಗಂಟೆಗೆ 35 ನಿಮಿಷ ಸೇರಿಸಿ.

ಬೆಂಗಳೂರು–ದೆಹಲಿ ಸುಮಾರು 1700 ಕಿಲೋಮೀಟರ್. ಭಾಗಿಸಿದರೆ 2 ಗಂಟೆ 8 ನಿಮಿಷ. 35 ಸೇರಿಸಿದರೆ 2 ಗಂಟೆ 43 ನಿಮಿಷ. ವೇಳಾಪಟ್ಟಿಯಲ್ಲಿ ಇದಕ್ಕಿಂತ ಐದು ಹತ್ತು ನಿಮಿಷ ಜಾಸ್ತಿ ಕಾಣಬಹುದು. ಕಂಪನಿಗಳು ತಡವಾದೀತು ಅಂತ ಸ್ವಲ್ಪ ಹೊತ್ತು ಮೊದಲೇ ಸೇರಿಸಿಟ್ಟಿರುತ್ತವೆ. 'ನಮ್ಮ ವಿಮಾನ ಹತ್ತು ನಿಮಿಷ ಬೇಗ ಇಳಿದಿದೆ' ಅಂತ ಹೆಮ್ಮೆಯಿಂದ ಘೋಷಿಸುತ್ತಾರಲ್ಲ, ಅದರ ಗುಟ್ಟು ಹಲವು ಸಲ ಇಷ್ಟೇ.

ಕಣ್ಣೂರು–ದುಬೈ 2585. ಸೂತ್ರದ ಪ್ರಕಾರ 3 ಗಂಟೆ 50 ನಿಮಿಷ. ನಾಲ್ಕು ಗಂಟೆ ಅಂತಲೇ ಇಟ್ಟುಕೊಳ್ಳಿ. ಮಂಗಳೂರು–ಮುಂಬೈ ಸುಮಾರು 710, ಅಂದರೆ ಒಂದೂವರೆ ಗಂಟೆ.

ಮೈಸೂರಿನ ಎಟಿಆರ್‌ಗೆ ಈ ಸೂತ್ರ ಹೊಂದುವುದಿಲ್ಲ. ಅದು ಫ್ಯಾನ್ ಥರದ ರೆಕ್ಕೆ ತಿರುಗುವ ವಿಮಾನ, ವೇಗ ಗಂಟೆಗೆ ಸುಮಾರು 500. ಅದಕ್ಕೆ 450ರಿಂದ ಭಾಗಿಸಿ 25 ನಿಮಿಷ ಸೇರಿಸಿ. ಮೈಸೂರಿನಿಂದ ಚೆನ್ನೈ ಸುಮಾರು 390 ಕಿಲೋಮೀಟರ್, ಹತ್ತಿರ ಹತ್ತಿರ ಒಂದು ಗಂಟೆ ಇಪ್ಪತ್ತು ನಿಮಿಷ.

ಒಂದೇ ದಾರಿಯಲ್ಲಿ ಹೋಗುವಾಗ ಒಂದು ಹೊತ್ತು, ಬರುವಾಗ ಇನ್ನೊಂದು ಹೊತ್ತು ಯಾಕೆ? ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತ, ಅರೇಬಿಯಾದ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಭಾರೀ ಗಾಳಿ ಬೀಸುತ್ತಿರುತ್ತದೆ. ಆಗ ಗಲ್ಫ್‌ಗೆ ಹೋಗುವುದು ನಿಧಾನ, ಊರಿಗೆ ಬರುವುದು ಬೇಗ. ಮಳೆಗಾಲದ್ದು ಇನ್ನೂ ಸ್ವಾರಸ್ಯ. ನಮ್ಮ ತೋಟದ ಸಿಲ್ವರ್ ಮರಗಳನ್ನು ಬಗ್ಗಿಸುವ ಮುಂಗಾರು ಗಾಳಿ ಅರಬ್ಬಿ ಸಮುದ್ರದ ಕಡೆಯಿಂದ ಬರುತ್ತದೆ, ಅಲ್ವಾ? ಅದೇ ಹೊತ್ತಿಗೆ ದಕ್ಷಿಣ ಭಾರತದ ಮೇಲೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಗಾಳಿ ತಿರುಗಾಮುರುಗಾ, ಪೂರ್ವದಿಂದ ಪಶ್ಚಿಮಕ್ಕೆ. ಕೆಳಗೆ ಛತ್ರಿ ಮುರಿಯುವ ಗಾಳಿ ಎದುರಿಗಿದ್ದರೂ ಮೇಲೆ ಹೋದ ವಿಮಾನಕ್ಕೆ ಬೆನ್ನ ಹಿಂದಿನ ಗಾಳಿ ಸಿಗಬಹುದು.

ದಾರಿ ಸುತ್ತುವುದಕ್ಕೆ ಇನ್ನೊಂದು ಕಾರಣ ರಾಜಕೀಯ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಗಲ್ಫ್, ಯುರೋಪಿಗೆ ಹೋಗುವ ಭಾರತೀಯ ವಿಮಾನಗಳು ಗುಜರಾತಿನ ಕಡೆ ಇಳಿದು ಸಮುದ್ರದ ಮೇಲೆ ಸುತ್ತಿಕೊಂಡು ಹೋಗಬೇಕಾಯಿತು. ಕಣ್ಣೂರು, ಮಂಗಳೂರಿನಿಂದ ದುಬೈಗೆ ಹೋಗುವ ದಾರಿ ಮೊದಲಿಂದಲೂ ಅರಬ್ಬಿ ಸಮುದ್ರದ ಮೇಲೇ ಇರುವುದರಿಂದ ಅಷ್ಟೇನೂ ಬಿಸಿ ತಟ್ಟಲಿಲ್ಲ. ಊರು ದಕ್ಷಿಣದಲ್ಲಿರುವುದರ ಲಾಭ.

ಹಂತ 4: ಟಿಕೆಟ್ ಮೇಲಿನ ಗಡಿಯಾರ ಓದುವುದು

ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ದುಬೈ, ಅಬುಧಾಬಿ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ದೋಹಾ, ಕುವೈತ್, ಬಹರೈನ್, ಸೌದಿ ಎರಡೂವರೆ ಗಂಟೆ ಹಿಂದೆ. ರಾತ್ರಿ 10ಕ್ಕೆ ಕಣ್ಣೂರು ಬಿಟ್ಟು 12:30ಕ್ಕೆ ದುಬೈ ಅಂತ ಬರೆದಿದ್ದರೆ 'ಎರಡೂವರೆ ಗಂಟೆಯಲ್ಲಿ ಮುಟ್ಟಿಬಿಡ್ತೀವಿ' ಅಂತ ಖುಷಿಪಡಬೇಡಿ. ಒಂದೂವರೆ ಸೇರಿಸಿ, ನಾಲ್ಕು ಗಂಟೆ. ಬರುವಾಗ ಉಲ್ಟಾ. ಟಿಕೆಟ್‌ನಲ್ಲಿ ಐದೂಕಾಲು ಗಂಟೆ ಕಂಡರೆ ಕೂರುವುದು ಮೂರೂಮುಕ್ಕಾಲು ಗಂಟೆ ಮಾತ್ರ.

ಸಮಯಕ್ಕಿಂತ ದೊಡ್ಡ ಗುಂಡಿ ತಾರೀಕಿನದು. '15ನೇ ತಾರೀಕು 00:30' ಅಂದರೆ 14ರ ರಾತ್ರಿ ಹನ್ನೆರಡು ಕಳೆದು ಅರ್ಧ ಗಂಟೆ. ಮನೆಯಿಂದ ಹೊರಡಬೇಕಾದದ್ದು 14ರ ಸಂಜೆ. '15ಕ್ಕೆ ಫ್ಲೈಟ್' ಅಂತ ಮನೆಯವರಿಗೂ ಟ್ಯಾಕ್ಸಿಯವರಿಗೂ ಹೇಳಿ 15ರ ಸಂಜೆ ಬ್ಯಾಗ್ ಕಟ್ಟುವವರು ಇದ್ದಾರೆ. ಇಂಥ ಟಿಕೆಟ್ ತೆಗೆದ ಕೂಡಲೇ ಕ್ಯಾಲೆಂಡರಿನಲ್ಲಿ ವಿಮಾನದ ತಾರೀಕಿಗೆ ಗುರುತು ಹಾಕಬೇಡಿ. ಮನೆ ಬಿಡುವ ತಾರೀಕಿಗೆ ಹಾಕಿ.

ಹಂತ 5: ಹಿಂದಿನಿಂದ ಮುಂದಕ್ಕೆ ಎಣಿಸಿ

ಇಲ್ಲಿಂದ ಲೆಕ್ಕ ನಿಜವಾಗಿ ಕೊಡಗಿನದು. ವಿಮಾನ ಹೊರಡುವ ಹೊತ್ತನ್ನು ಕಾಗದದ ಕೆಳಗೆ ಬರೆಯಿರಿ. ಅಲ್ಲಿಂದ ಮೇಲಕ್ಕೆ ಒಂದೊಂದಾಗಿ ಕಳೆಯುತ್ತಾ ಬನ್ನಿ.

ಬೋರ್ಡಿಂಗ್ ಗೇಟ್ ಮುಚ್ಚುವುದು ಸಾಮಾನ್ಯವಾಗಿ 20–25 ನಿಮಿಷ ಮೊದಲು. ಬ್ಯಾಗ್ ಕೊಡುವ ಕೌಂಟರ್ ಮುಚ್ಚುವುದು 60 ನಿಮಿಷ ಮೊದಲು. ಕೆಲವು ವಿದೇಶ ವಿಮಾನಗಳಿಗೆ 75. ನಿಮ್ಮ ನಿಜವಾದ ಗಡುವು ಈ ಕೌಂಟರ್. ಅದು ಮುಚ್ಚಿದ ಮೇಲೆ ವಿಮಾನ ಕಣ್ಣೆದುರಿಗೇ ನಿಂತಿದ್ದರೂ ಹತ್ತಿಸುವುದಿಲ್ಲ. ದೇಶದೊಳಗಿನ ಪ್ರಯಾಣಕ್ಕೆ ಎರಡು ಗಂಟೆ, ವಿದೇಶಕ್ಕೆ ಮೂರು ಗಂಟೆ ಮೊದಲು ನಿಲ್ದಾಣದ ಬಾಗಿಲಲ್ಲಿ ಇರಿ.

ವಿರಾಜಪೇಟೆಯ ಒಂದು ಮನೆಯಿಂದ ದುಬೈಗೆ ಹೊರಟವರ ಲೆಕ್ಕ ಹಾಕೋಣ. ವಿಮಾನ 15ನೇ ತಾರೀಕು 00:30ಕ್ಕೆ, ಕಣ್ಣೂರಿನಿಂದ. ಮೂರು ಗಂಟೆ ಹಿಂದಕ್ಕೆ, 14ರ ರಾತ್ರಿ 9:30ಕ್ಕೆ ನಿಲ್ದಾಣದಲ್ಲಿರಬೇಕು. ರಸ್ತೆಗೆ ಎರಡು ಗಂಟೆ, ಅಂದರೆ 7:30. ದಾರಿಯಲ್ಲಿ ಏನಾದರೂ ಆದರೆ ಅಂತ ಮುಕ್ಕಾಲು ಗಂಟೆ. ಹೊರಡುವುದು 6:45ಕ್ಕೆ. ಹೊರಟ ನಂತರ ನಾಲ್ಕು ಗಂಟೆ ಹಾರಾಟ. ಭಾರತದ ಗಡಿಯಾರದಲ್ಲಿ ಬೆಳಗಿನ 4:30, ದುಬೈಯಲ್ಲಿ 3 ಗಂಟೆ. ಇಮಿಗ್ರೇಶನ್, ಬ್ಯಾಗ್ ಅಂತ ಇನ್ನೊಂದು ಗಂಟೆ. ಮನೆಯ ಗೇಟಿನಿಂದ ದುಬೈ ನಿಲ್ದಾಣದ ಹೊರಬಾಗಿಲಿಗೆ ಹತ್ತೂಮುಕ್ಕಾಲು ಗಂಟೆ ಆಯಿತು. ಅದರಲ್ಲಿ ಆಕಾಶದಲ್ಲಿ ಕಳೆದದ್ದು ನಾಲ್ಕೇ.

ಆ ಎರಡು ಗಂಟೆಯ ರಸ್ತೆ ಎಂಥದ್ದು ಅಂತ ತಿಳಿದಿದ್ದರೆ ಮುಕ್ಕಾಲು ಗಂಟೆ ಯಾಕೆ ಅಂತ ಯಾರೂ ಕೇಳುವುದಿಲ್ಲ. ಪೆರುಂಬಾಡಿ ದಾಟಿದ ಕೂಡಲೇ ಕಾಡು. ಮಾಕುಟ್ಟದ ಕೆಳಗಿನ ತನಕ ತಿರುವಿನ ಮೇಲೆ ತಿರುವು. ಎದುರಿಗೆ ಕೇರಳದಿಂದ ಹೇರಿಕೊಂಡು ಹತ್ತುವ ಲಾರಿ ಬಂದರೆ ಒಂದು ವಾಹನ ನಿಲ್ಲಲೇಬೇಕು. ಕಾರಿನೊಳಗೆ ಹಿಂದಿನ ಸೀಟಿನವರು ಮಾತು ನಿಲ್ಲಿಸಿ ಕಿಟಕಿ ಇಳಿಸಿಕೊಂಡಿರುತ್ತಾರೆ, ಯಾರಾದರೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಕವರ್ ತಯಾರಾಗಿರುತ್ತದೆ. ಮಕ್ಕಳಿದ್ದರೆ ಎರಡು ಸಲ ಗಾಡಿ ನಿಲ್ಲಿಸುವುದು ಗ್ಯಾರಂಟಿ. ರಾತ್ರಿ ಹೊತ್ತು ಆನೆ ರಸ್ತೆಯಲ್ಲಿದ್ದರೆ ಅದು ಸರಿಯುವ ತನಕ ನಿಮ್ಮ ಟಿಕೆಟ್‌ಗೆ ಬೆಲೆಯಿಲ್ಲ. ಫೋನ್ ಸಿಗ್ನಲ್ಲೂ ಇರುವುದಿಲ್ಲ. ಕೂಟುಪುಳ ಸೇತುವೆ ದಾಟಿ ಕೇರಳಕ್ಕೆ ಕಾಲಿಟ್ಟ ಮೇಲೆ ರಸ್ತೆ ಅಗಲವಾಗುತ್ತದೆ, ಆದರೆ ಇರಿಟ್ಟಿ ಪೇಟೆಯಲ್ಲಿ ಸಂಜೆ ಹೊತ್ತು ವಾಹನ ಜಾಸ್ತಿ.

ಇನ್ನೊಂದು ಲೆಕ್ಕ ದೆಹಲಿಯದು. ಸೈನ್ಯದಲ್ಲಿರುವ ಮಗನೋ ಮಗಳೋ ಪುತ್ತರಿ ಹಬ್ಬಕ್ಕೆ ರಜೆ ಹಾಕಿ ಬರುವುದು ಇಲ್ಲಿ ಎಷ್ಟೊಂದು ಮನೆಗಳ ಕಥೆ. ದೆಹಲಿಯಿಂದ ಬೆಂಗಳೂರಿಗೆ ಬಂದು ಮಡಿಕೇರಿಗೆ ಹೊರಟರೆ: ದೆಹಲಿ ನಿಲ್ದಾಣದಲ್ಲಿ ಎರಡು ಗಂಟೆ, ಹಾರಾಟ ಎರಡು ಗಂಟೆ ಐವತ್ತು ನಿಮಿಷ, ಬ್ಯಾಗ್ ಸಿಗಲು ಅರ್ಧ ಗಂಟೆ, ರಸ್ತೆ ಆರೂವರೆ ಗಂಟೆ. ಒಟ್ಟು ಹನ್ನೆರಡು ಗಂಟೆಯ ಹತ್ತಿರ. 'ಕಣ್ಣೂರಿಗೇ ಕನೆಕ್ಷನ್ ಟಿಕೆಟ್ ತೆಗೆದರೆ ಬೇಗ ಆಗಲ್ವಾ?' ಅಂತ ಕೇಳುವವರಿದ್ದಾರೆ. ಬೆಂಗಳೂರಿನಲ್ಲಿ ಎರಡೂವರೆ ಗಂಟೆ ಕಾಯುವುದು, ಒಂದು ಗಂಟೆ ಹತ್ತು ನಿಮಿಷ ಹಾರುವುದು, ಬ್ಯಾಗ್‌ಗೆ ಅರ್ಧ ಗಂಟೆ, ಆಮೇಲೆ ಮಡಿಕೇರಿಗೆ ಮೂರು ಗಂಟೆ. ಬೆಂಗಳೂರು ಇಳಿದ ಮೇಲೆ ಏಳು ಗಂಟೆಗೂ ಜಾಸ್ತಿ. ಕಾರಿನಲ್ಲಿ ಬಂದವರೂ ಅಷ್ಟರಲ್ಲೇ ಮನೆ ಸೇರಿರುತ್ತಾರೆ. ಮಡಿಕೇರಿ, ಕುಶಾಲನಗರದವರಿಗೆ ಕನೆಕ್ಷನ್ ಟಿಕೆಟ್ ಸುಮ್ನೆ ಖರ್ಚು ಅಂತ ನನ್ನ ಅಭಿಪ್ರಾಯ. ದೆಹಲಿಯಿಂದ ಕಣ್ಣೂರಿಗೆ ನೇರ ವಿಮಾನ ಇದ್ದ ದಿನ ಮಾತ್ರ ಮಾತೇ ಬೇರೆ. ಸುಮಾರು 1855 ಕಿಲೋಮೀಟರ್, ಮೂರು ಗಂಟೆ. ಇಳಿದು ಮೂರು ಗಂಟೆಗೆ ಮಡಿಕೇರಿ, ಎರಡು ಗಂಟೆಗೆ ವಿರಾಜಪೇಟೆ. ಟಿಕೆಟ್‌ಗೆ ಒಂದೆರಡು ಸಾವಿರ ಜಾಸ್ತಿಯಾದರೂ ಕೊಡಬಹುದು, ಟ್ಯಾಕ್ಸಿಯಲ್ಲಿ ಅಷ್ಟು ಉಳಿಯುತ್ತದೆ.

ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು ಮೈಸೂರಿನಲ್ಲಿ ಇಳಿದು ಫ್ಲೈಬಸ್ ಹಿಡಿದರೆ ನೇರ ನಿಲ್ದಾಣಕ್ಕೆ ಬಿಡುತ್ತದೆ. ಇಲ್ಲದಿದ್ದರೆ ಬೆಂಗಳೂರಿನ ಮೆಜೆಸ್ಟಿಕ್ ತನಕ ಹೋಗಿ, ನಿಲ್ದಾಣಕ್ಕೆ ಹೋಗುವ ವಾಯು ವಜ್ರ ಬಸ್ ಹಿಡಿಯಬೇಕು. ಎರಡು ಬಸ್ಸಿನ ನಡುವೆ ಕನಿಷ್ಠ ಒಂದು ಗಂಟೆ ಬಿಡಿ. ಬೆಳಗಿನ ವಿಮಾನಕ್ಕಾದರೆ ಹಿಂದಿನ ರಾತ್ರಿಯ ಬಸ್ಸೇ ಒಳ್ಳೆಯದು, ನಿಲ್ದಾಣದಲ್ಲಿ ಕೂತು ತೂಕಡಿಸಿದರೂ ಪರವಾಗಿಲ್ಲ.

ಹಂತ 6: ಯಾವ ತಿಂಗಳು ಅಂತ ನೋಡಿ

ಜೂನ್‌ನಿಂದ ಸೆಪ್ಟೆಂಬರ್ ತನಕ ಮೇಲಿನ ರಸ್ತೆಯ ಹೊತ್ತೆಲ್ಲ ಒಂದೂವರೆ ಪಟ್ಟು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಾಕುಟ್ಟ ರಸ್ತೆಯೂ ಅದೇ ಮಳೆಗಾಲದಲ್ಲಿ ಕುಸಿದಿತ್ತು. ಅಷ್ಟು ದೊಡ್ಡದು ಆಗದಿದ್ದರೂ ಮಳೆಗಾಲದಲ್ಲಿ ಒಂದು ಮರ ಅಡ್ಡ ಬಿದ್ದರೆ ಸಾಕು, ಕತ್ತರಿಸಿ ಸರಿಸುವ ತನಕ ಒಂದೆರಡು ಗಂಟೆ ಹೋಯಿತು. ಜೋರು ಮಳೆಯ ವಾರ ಕಣ್ಣೂರು, ಮಂಗಳೂರು ಟಿಕೆಟ್ ಇದ್ದರೆ ಘಾಟಿಯನ್ನು ಬೆಳಕಿರುವಾಗಲೇ ಇಳಿದುಬಿಡಿ. ರಾತ್ರಿಯ ವಿಮಾನಕ್ಕೆ ಮಧ್ಯಾಹ್ನವೇ ಹೊರಟು ಇರಿಟ್ಟಿಯಲ್ಲೋ ಪುತ್ತೂರಿನಲ್ಲೋ ನಿಧಾನವಾಗಿ ಊಟ ಮಾಡಿ. ಘಾಟಿಯ ಕೆಳಗೆ ಕಾಯುವುದು ಘಾಟಿಯ ಮೇಲೆ ಕಾಯುವುದಕ್ಕಿಂತ ಎಷ್ಟೋ ವಾಸಿ. ಮಂಗಳೂರಿನಲ್ಲಿ ಮೋಡ ಕವಿದರೆ ವಿಮಾನವನ್ನೇ ಬೆಂಗಳೂರಿಗೆ ತಿರುಗಿಸುವುದೂ ಉಂಟು. ಕರೆದುಕೊಂಡು ಬರಲು ಹೋದವರು ನಿಲ್ದಾಣದಲ್ಲಿ ಕಾಯುತ್ತಿರುತ್ತಾರೆ, ಬರಬೇಕಾದವರು ದೇವನಹಳ್ಳಿಯಲ್ಲಿರುತ್ತಾರೆ.

ಡಿಸೆಂಬರ್, ಜನವರಿಯಲ್ಲಿ ತೊಂದರೆ ಆ ಕಡೆಯದು. ದೆಹಲಿಯ ಮಂಜಿನಿಂದ ಬೆಳಗಿನ ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಆ ತಿಂಗಳಲ್ಲಿ ದೆಹಲಿಯಿಂದ ಮಧ್ಯಾಹ್ನ ಹೊರಡುವ ವಿಮಾನ ಆರಿಸಿ. ಮನೆ ಮುಟ್ಟುವಾಗ ನಡುರಾತ್ರಿ ಆಗುತ್ತದೆ ಅನ್ನುವುದಾದರೆ ಮೈಸೂರಿನಲ್ಲಿ ಉಳಿದು ಬೆಳಗ್ಗೆ ಬನ್ನಿ.

ಶನಿವಾರ, ಭಾನುವಾರ, ಸಾಲು ರಜೆ, ಮಡಿಕೇರಿ ದಸರಾ ಸಮಯದಲ್ಲಿ ಪ್ರವಾಸಿಗರ ಕಾರುಗಳು ಕುಶಾಲನಗರದಿಂದಲೇ ಸಾಲು ನಿಲ್ಲುತ್ತವೆ. ಭಾನುವಾರ ಸಂಜೆ ಅವರೆಲ್ಲ ಬೆಂಗಳೂರಿಗೆ ವಾಪಸ್ ಹೋಗುವ ಹೊತ್ತಿಗೇ ನೀವೂ ವಿಮಾನಕ್ಕೆ ಹೊರಟರೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ. ನಾಗರಹೊಳೆ ಕಾಡಿನ ರಸ್ತೆಯಲ್ಲಿ ಬರುವವರು ಅದು ಸಂಜೆಯಿಂದ ಬೆಳಗಿನ ತನಕ ಮುಚ್ಚಿರುತ್ತದೆ ಅನ್ನುವುದನ್ನು ಮರೆಯಬಾರದು.

ಹೊರಡುವ ಮುಂಚೆ ಸಣ್ಣಪುಟ್ಟವು

ಬೋರ್ಡಿಂಗ್ ಪಾಸ್ ಮನೆಯಲ್ಲೇ ಇಳಿಸಿಕೊಂಡು ಫೋನಿನಲ್ಲಿ ಉಳಿಸಿಡಿ. ಕಣ್ಣೂರಿಗೆ ಹಳದಿ ಬೋರ್ಡ್ ಟ್ಯಾಕ್ಸಿ ಮಾಡಿದ್ದರೆ ಕೇರಳಕ್ಕೆ ಹೋಗುವ ಪರ್ಮಿಟ್ ಇದೆಯಾ ಅಂತ ಬುಕ್ ಮಾಡುವಾಗಲೇ ಕೇಳಿ. ಚೆಕ್‌ಪೋಸ್ಟ್‌ನಲ್ಲಿ ನಿಂತು ಕೇಳುವ ಪ್ರಶ್ನೆ ಅಲ್ಲ ಅದು.

ಬ್ಯಾಗ್ ವಿಷಯವೂ ಹೊತ್ತಿನ ವಿಷಯವೇ. ಕಾಚಂಪುಳಿ (ನಮ್ಮ ಅಡುಗೆಯ ಕಪ್ಪು ಹುಳಿರಸ), ಜೇನು ದ್ರವ ಪದಾರ್ಥಗಳು. ವಿದೇಶದ ವಿಮಾನದಲ್ಲಿ 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿ ಕೈಚೀಲದಲ್ಲಿ ಬಿಡುವುದಿಲ್ಲ. ಸೆಕ್ಯುರಿಟಿಯಲ್ಲಿ ವಾದ ಮಾಡುತ್ತಾ ನಿಂತರೆ ಕೊನೆಗೆ ಬಾಟಲಿಯೂ ಹೋಗುತ್ತದೆ, ಇಪ್ಪತ್ತು ನಿಮಿಷವೂ ಹೋಗುತ್ತದೆ. ಪ್ಲಾಸ್ಟಿಕ್ ಸುತ್ತಿ ದೊಡ್ಡ ಬ್ಯಾಗ್‌ನಲ್ಲಿ ಹಾಕಿ. ಕಾಫಿ ಪುಡಿ, ಕರಿಮೆಣಸಿಗೆ ತೊಂದರೆಯಿಲ್ಲ. ದುಬೈಗೆ ಹೋಗುವವರು ಗಸಗಸೆ ಮಾತ್ರ ಒಂದು ಕಾಳೂ ಒಯ್ಯಬೇಡಿ, ಅಲ್ಲಿ ಅದು ನಿಷೇಧ.

ಊರಿಗೆ ಬರುವವರು ಮನೆಗೆ ಹೇಳುವಾಗ ವಿಮಾನ ಇಳಿಯುವ ಹೊತ್ತು ಹೇಳಬೇಡಿ. 'ಅವ್ವಾ, ನಾಲ್ಕಕ್ಕೆ ಬೆಂಗಳೂರು' ಅಂದರೆ ಆಕೆ ಒಂಬತ್ತು ಗಂಟೆಯಿಂದಲೇ ಗೇಟಿನ ಕಡೆ ನೋಡಲು ಶುರುಮಾಡುತ್ತಾಳೆ. ಬ್ಯಾಗ್ ಕೈಗೆ ಸಿಕ್ಕಿ ಗಾಡಿ ಹತ್ತಿದ ಮೇಲೆ ಫೋನ್ ಮಾಡಿ ಮನೆ ಮುಟ್ಟುವ ಹೊತ್ತು ಹೇಳಿ. ಅದಕ್ಕೂ ಅರ್ಧ ಗಂಟೆ ಸೇರಿಸಿಯೇ ಹೇಳಿ.